ನಲವತ್ತೊಂದು ಪುಟ, ಅದೇ ಬ್ರಷ್

ಕರಡಮ್ಮ ಎಂದು ಅವರನ್ನು ಮೊದಲು ಕರೆದವರು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವವರು. ಅಚ್ಚಾಗುವ ಮುಂಚೆ ತೆಗೆಯುವ ಪರೀಕ್ಷೆಯ ಹಾಳೆಗೆ ಕರಡು ಎಂದು ಹೆಸರು; ಅದನ್ನು ಓದಿ ತಪ್ಪು ಹಿಡಿಯುವುದು ಅವರ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದರು. ಹೆಸರು ಎಷ್ಟು ಅಂಟಿಕೊಂಡಿತೆಂದರೆ ಸ್ವಂತ ನಾದಿನಿಯೇ ಫೋನ್ ಮಾಡಿ, "ಕರಡಮ್ಮ ಇದಾರಾ?" ಎಂದು ಕೇಳುತ್ತಿದ್ದಳು. ಅದಕ್ಕೆ ಅವರಿಗೇನೂ ಬೇಸರವಿರಲಿಲ್ಲ. ಅಂಗಡಿಯ ಬೋರ್ಡು, ಔಷಧಿಯ ಡಬ್ಬ, ಮದುವೆಯ ಕರೆಯೋಲೆ, ಯಾವುದನ್ನು ನೋಡಿದರೂ ಮೊದಲು ತಪ್ಪೇ ಕಣ್ಣಿಗೆ ಬೀಳುತ್ತಿತ್ತು, ತಿದ್ದುವ ತನಕ ಸಮಾಧಾನವಿರುತ್ತಿರಲಿಲ್ಲ ಎನ್ನುವುದೊಂದೇ ಅವರ ಕಷ್ಟ.

ಮುದ್ರಣಾಲಯ ಮುಚ್ಚಿದ ಮೇಲೆ ಎಂಟು ತಿಂಗಳು ಮನೆಯಲ್ಲಿ ಸುಮ್ಮನೆ ಕೂತರು. ಸುಮ್ಮನೆ ಎನ್ನುವುದು ಮರ್ಯಾದೆಯ ಮಾತು. ನಿಜಕ್ಕೂ ಅವರು ಆ ಎಂಟು ತಿಂಗಳು ಗಂಡನನ್ನು ತಿದ್ದುತ್ತಿದ್ದರು. ಆತ ನಿವೃತ್ತ ಬಸ್ ಕಂಡಕ್ಟರ್. ಜೀವಮಾನವೆಲ್ಲ ಬಸ್ಸಿನ ತುಂಬ ಜನರನ್ನು ಮುಂದೆ ಹೋಗಿ, ಮುಂದೆ ಹೋಗಿ ಎಂದು ದಬಾಯಿಸಿದ ಮನುಷ್ಯನಿಗೆ ಈಗ ತಾನು ಹೇಳುವ ಹಳೇ ಕಥೆಯಲ್ಲಿ ಇಸವಿ ತಪ್ಪಿದರೂ ರಿಯಾಯಿತಿ ಇರಲಿಲ್ಲ. ಕೊನೆಗೆ ಪೇಪರಿನಲ್ಲಿ ಜಾಹೀರಾತು ಹುಡುಕಿಕೊಟ್ಟವನು ಆತನೇ.

"ನೋಡೇ, ಇಲ್ಲೊಂದು ಕಂಪ್ಯೂಟರ್ ಇದೆಯಂತೆ. ಅದರ ತಪ್ಪು ಹಿಡಿಯೋಕೆ ಜನ ಬೇಕಂತೆ. ಅದಕ್ಕೆ ಕಿವಿ ಇಲ್ಲ, ನೋವೂ ಆಗಲ್ಲ. ನಿನಗೆ ಹೇಳಿ ಮಾಡಿಸಿದ ಹಾಗಿದೆ," ಎಂದ.

ಹಾಗೆ ಐವತ್ತೆಂಟನೇ ವಯಸ್ಸಿನಲ್ಲಿ ಕರಡಮ್ಮ ಟೈರ್ ಅಂಗಡಿಯ ಮೇಲಿನ ಮೂರನೇ ಮಹಡಿಗೆ ಕೆಲಸಕ್ಕೆ ಹೋಗತೊಡಗಿದರು. ಅಲ್ಲಿ ಒಂದು ಕಂಪ್ಯೂಟರಿಗೆ ಓದುವುದನ್ನು ಕಲಿಸುತ್ತಿದ್ದರು. ಅಕ್ಷರ ಓದುವುದನ್ನಲ್ಲ, ಓದಿ ತಿಳಿದುಕೊಳ್ಳುವುದನ್ನು. ಅದು ಅಂತರ್ಜಾಲದಲ್ಲಿರುವ ನಮ್ಮ ಭಾಷೆಯ ಪುಟಗಳನ್ನು ಬಿಡುವಿಲ್ಲದೆ ಓದುತ್ತಿತ್ತು. ಓದಿ ಕಲಿತದ್ದನ್ನು ಒಂದೊಂದು ಸಾಲಾಗಿ ಬರೆದಿಡುತ್ತಿತ್ತು. ಸಾಲಿನ ಪಕ್ಕದಲ್ಲಿ ತನಗೆ ಆ ಮಾತಿನ ಮೇಲೆ ನೂರಕ್ಕೆ ಎಷ್ಟು ನಂಬಿಕೆ ಎನ್ನುವ ಅಂಕಿ. ಒಂದೇ ಮಾತು ಎಷ್ಟು ಹೆಚ್ಚು ಪುಟಗಳಲ್ಲಿ ಸಿಕ್ಕರೆ ಅಷ್ಟು ಹೆಚ್ಚು ನಂಬಿಕೆ. ಬೆಳಿಗ್ಗೆ ಬಂದು ಆ ಸಾಲುಗಳನ್ನು ಓದಿ, ಸರಿ, ತಪ್ಪು, ಗೊತ್ತಿಲ್ಲ ಎನ್ನುವ ಮೂರರಲ್ಲಿ ಒಂದನ್ನು ಒತ್ತುವುದು ಕರಡಮ್ಮನ ಕೆಲಸ.

ಮೊದಲ ವಾರವೆಲ್ಲ ಅವರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಮಕ್ಕಳ ಪದ್ಯಗಳನ್ನೆಲ್ಲ ಓದಿದ್ದ ಯಂತ್ರ, "ಚಂದ್ರ: ತಾಯಿಯ ತಮ್ಮ, ನಂಬಿಕೆ ತೊಂಬತ್ತೊಂದು" ಎಂದು ಬರೆದಿತ್ತು. ನಗೆಹನಿಗಳ ಪುಟಗಳನ್ನು ಓದಿ, "ಅತ್ತೆ: ಅಪಾಯಕಾರಿ ವಸ್ತು" ಎಂದು ತೀರ್ಮಾನಿಸಿತ್ತು. "ಇದನ್ನ ಸರಿ ಅಂತ ಒತ್ತಿದ್ರೆ, ನಮ್ಮಮ್ಮ ಬದುಕಿದ್ದಿದ್ರೆ ನಿನ್ನ ಕೆನ್ನೆಗೇ ಒತ್ತೋರು," ಎಂದು ಗಂಡ ಹೇಳಿದ. ಆದರೂ ಕರಡಮ್ಮನಿಗೆ ಯಂತ್ರದ ಮೇಲೆ ಒಂದು ಬಗೆಯ ಅಕ್ಕರೆ ಬಂದಿತ್ತು. ತಿದ್ದಿದ್ದನ್ನು ಅದು ಮರೆಯುತ್ತಿರಲಿಲ್ಲ, ವಾದ ಮಾಡುತ್ತಿರಲಿಲ್ಲ. ಇಷ್ಟು ಸದ್ಗುಣ ಅವರು ಯಾವ ಲೇಖಕನಲ್ಲೂ ಕಂಡಿರಲಿಲ್ಲ.

ಆ ಕಚೇರಿಯ ಮುಖ್ಯಸ್ಥರಿಗೆ ನಲವತ್ತರ ಮೇಲೆ ವಯಸ್ಸು, ಕನ್ನಡಕ ಸದಾ ನೆತ್ತಿಯ ಮೇಲೆ. ಮಾತು ಶುರುವಾಗುವುದೇ ನೂರಕ್ಕೆ ಇಷ್ಟು ಎಂದು. ಹಾಗಾಗಿ ಕರಡಮ್ಮ ಅವರಿಗೆ ಮನಸ್ಸಿನಲ್ಲೇ ಶೇಕಡಾ ಸಾಹೇಬರು ಎಂದು ಹೆಸರಿಟ್ಟಿದ್ದರು. ಒಳ್ಳೆಯವರೇ, ಅಂಕಿಯ ಆಚೆ ನೋಡುವ ಅಭ್ಯಾಸ ಇರಲಿಲ್ಲ ಅಷ್ಟೆ. ಮುಂದಿನ ತಿಂಗಳ ಒಂದನೇ ತಾರೀಖು ಯಂತ್ರವನ್ನು ಜನರಿಗೆ ತೆರೆಯುವುದೆಂದು ಅವರು ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿದ್ದರು. ಅಂದಿನಿಂದ ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು, ಯಂತ್ರ ತಾನು ಓದಿ ಕಲಿತದ್ದನ್ನು ಹೇಳುತ್ತದೆ.

ಒಂದನೇ ತಾರೀಖಿಗೆ ಹನ್ನೆರಡು ದಿನ ಇರುವಾಗ ಕರಡಮ್ಮನ ಮುಂದೆ ಆ ಸಾಲು ಬಂತು. "ಬಚ್ಚಲಿನ ಕಲೆ ತೆಗೆಯುವ ಕ್ರಮ: ಬ್ಲೀಚಿಂಗ್ ಪುಡಿ ಕದಡಿದ ನೀರು ಸುರಿದು ಹತ್ತು ನಿಮಿಷ ಬಿಡಿ. ಆ್ಯಸಿಡ್ ಬೆರೆಸಿದ ನೀರು ಹಾಕಿ ಅದೇ ಬ್ರಷ್‌ನಿಂದ ಉಜ್ಜಿ. ನಂಬಿಕೆ ತೊಂಬತ್ತೆಂಟು. ಆಧಾರ: ನಲವತ್ತೊಂದು ಪುಟಗಳು."

ಇದು ತಪ್ಪು ಎಂದು ತಿಳಿಯಲು ಕರಡಮ್ಮನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಅವೆರಡನ್ನೂ ಸೇರಿಸಿದರೆ ವಿಷದ ಗಾಳಿ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಕುತ್ತು. ತಪ್ಪು ಎಂದು ಒತ್ತಿದರು. ಪರದೆಯ ಮೇಲೆ ಉತ್ತರ ಬಂತು: ಉಳಿದ ಇಬ್ಬರು ಪರೀಕ್ಷಕರು ಸರಿ ಎಂದಿದ್ದಾರೆ, ನಿಮ್ಮ ಅಭಿಪ್ರಾಯ ಕೈಬಿಡಲಾಗಿದೆ. ಕರಡಮ್ಮ ಎದ್ದು ನೇರವಾಗಿ ಶೇಕಡಾ ಸಾಹೇಬರ ಮೇಜಿಗೆ ಹೋದರು.

"ಮೇಡಂ, ನಾವು ಕೇಳ್ತಿರೋದು ಇದು ನಿಜವಾ ಅಂತಲ್ಲ," ಎಂದು ಅವರು ತಾಳ್ಮೆಯಿಂದ ವಿವರಿಸಿದರು. "ಪುಟದಲ್ಲಿ ಹೀಗೆ ಬರೆದಿದೆಯಾ ಅಂತ. ಎಲ್ರೂ ತಮಗೆ ಗೊತ್ತಿರೋದನ್ನ ಒತ್ತೋಕೆ ಶುರು ಮಾಡಿದ್ರೆ ಅದು ಯಂತ್ರದ ಓದಾಗಲ್ಲ, ನಮ್ಮ ಹರಟೆ ಆಗುತ್ತೆ. ನಲವತ್ತೊಂದು ಪುಟ ಹೌದು ಅಂತಿದೆ. ಅಲ್ಲ ಅನ್ನೋ ಒಂದು ಪುಟ ತೋರ್ಸಿ."

ಕರಡಮ್ಮ ದಿನವೆಲ್ಲ ಹುಡುಕಿದರು. ನಮ್ಮ ಭಾಷೆಯಲ್ಲಿ ಒಂದೂ ಸಿಗಲಿಲ್ಲ. ಬೇರೆ ಭಾಷೆಗಳಲ್ಲಿ ಬೇಕಾದಷ್ಟಿರಬಹುದು, ಈ ಯಂತ್ರ ಓದುತ್ತಿದ್ದದ್ದು ನಮ್ಮದನ್ನು ಮಾತ್ರ.

ಸಂಜೆ ನಾಲ್ಕಕ್ಕೆ ನೆಲ ಒರೆಸುವ ಹೆಂಗಸು ಬಕೆಟ್ ತೆಗೆದುಕೊಂಡು ಬಂದಳು. ಬ್ಲೀಚಿನ ಮೇಲೆ ಆ್ಯಸಿಡ್ ಹಾಕಬಹುದೇ ಎಂದು ಕರಡಮ್ಮ ಅವಳನ್ನೇ ಕೇಳಿದರು.

"ಅಯ್ಯೋ, ಅದನ್ನ ಮಾತ್ರ ಮಾಡ್ಬೇಡಿ ಅಮ್ಮ," ಎಂದಳು ಅವಳು. "ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನೇ ಮಾಡಿದ್ದೆ. ಬಾಗಿಲು ಹಾಕಿತ್ತು. ಎದೆಗೆ ಬೆಂಕಿ ಹಾಕಿದ ಹಾಗಾಯ್ತು, ಕಣ್ಣು ಬಿಡೋಕಾಗ್ಲಿಲ್ಲ. ಪಕ್ಕದ ಮನೆಯೋರು ಎಳಕೊಂಡು ಆಚೆ ಹಾಕಿದ್ರು. ಮೂರು ದಿನ ಗಂಟಲಿಂದ ಮಾತೇ ಹೊರಡ್ಲಿಲ್ಲ."

"ಇದನ್ನ ಎಲ್ಲಾದ್ರೂ ಬರೆದಿದ್ದೀಯಾ? ಯಾರಾದ್ರೂ ಬರೆದಿದ್ದು ನೋಡಿದ್ದೀಯಾ?"

"ಬರೆಯೋದೇನಿದೆ ಇದ್ರಲ್ಲಿ? ಈ ಕೆಲಸ ಮಾಡೋರಿಗೆಲ್ಲ ಗೊತ್ತು."

ಬಚ್ಚಲು ಉಜ್ಜುವವರು ಬರೆಯುತ್ತಿರಲಿಲ್ಲ, ಬರೆಯುವವರು ಬಚ್ಚಲು ಉಜ್ಜುತ್ತಿರಲಿಲ್ಲ. ಯಂತ್ರ ಪಾಪ ಬರೆದದ್ದನ್ನು ಮಾತ್ರ ಓದುತ್ತಿತ್ತು. ಎಲ್ಲರಿಗೂ ಗೊತ್ತಿರುವ ಮಾತು ಎಂಬ ಕಾರಣಕ್ಕೇ ಈ ಮಾತು ಅದರ ಪಾಲಿಗೆ ಇಲ್ಲವೇ ಇಲ್ಲ. ಕರಡಮ್ಮನಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಮರುದಿನ ಅವರು ನಲವತ್ತೊಂದು ಪುಟಗಳನ್ನೂ ಒಂದೊಂದಾಗಿ ತೆರೆದರು. ಗೃಹಿಣಿಯರ ಪುಟ, ಬಾಡಿಗೆ ಮನೆಯವರ ಪುಟ, ಸಾಬೂನು ಮಾರುವವರ ಪುಟ, ಜಾತಕ ಹೇಳುವವರೊಬ್ಬರ ಪುಟದಲ್ಲೂ ಬಚ್ಚಲಿನ ಕಲೆಗೆ ಜಾಗ ಸಿಕ್ಕಿತ್ತು. ಹತ್ತನೆಯ ಪುಟದ ಹೊತ್ತಿಗೆ ಹಳೆಯ ಕೆಲಸದ ತುರಿಕೆ ಶುರುವಾಯಿತು. ಅದೇ ಬ್ರಷ್‌ನಿಂದ ಉಜ್ಜಿ ಎಂದರೆ ಯಾವ ಬ್ರಷ್? ಮೇಲೆಲ್ಲೂ ಬ್ರಷ್ಷಿನ ಸುದ್ದಿಯೇ ಇಲ್ಲ. ನಲವತ್ತೊಂದು ಪುಟಗಳಲ್ಲೂ ಅದೇ ಬ್ರಷ್, ನಲವತ್ತೊಂದರಲ್ಲೂ ಮೊದಲ ಬ್ರಷ್ ನಾಪತ್ತೆ. ಅಂದರೆ ಇವರು ಯಾರೂ ಬಚ್ಚಲು ಉಜ್ಜಿ ಬರೆದವರಲ್ಲ. ಎಲ್ಲರೂ ಒಂದು ಕಡೆಯಿಂದ ನಕಲು ಮಾಡಿದವರು, ಮತ್ತು ಆ ಮೂಲದಲ್ಲಿ ನಡುವೆ ಒಂದು ಸಾಲು ಬಿದ್ದುಹೋಗಿದೆ.

ಮೂವತ್ತಾರನೆಯ ಪುಟದಲ್ಲಿ ಮೂಲವೇ ಇತ್ತು. ಯಾರೋ ಪುಣ್ಯಾತ್ಮರು ಹಳೆಯ ಕಿರುಹೊತ್ತಿಗೆಯೊಂದರ ಹಾಳೆಗಳ ಫೋಟೋ ತೆಗೆದು ಹಾಕಿದ್ದರು. ಮನೆವಾರ್ತೆಯ ಉಪಾಯಗಳು, ಬರೆದವರು ರಸಾಯನಶಾಸ್ತ್ರದ ಒಬ್ಬ ಶಿಕ್ಷಕಿ. ಕೊನೆಯ ಹಾಳೆಯಲ್ಲಿ ಮುದ್ರಣಾಲಯದ ಹೆಸರು. ಅದು ಕರಡಮ್ಮ ಮೂವತ್ತೊಂದು ವರ್ಷ ದುಡಿದ ಮುದ್ರಣಾಲಯ. ಅಲ್ಲಿ ಕರಡು ಓದುವವರು ಒಬ್ಬರೇ ಇದ್ದರು.

ಕರಡು ತಿದ್ದುವವರಿಗೆ ಒಂದು ಅಭ್ಯಾಸವಿದೆ. ನಾಳೆ ಯಾರಾದರೂ ತಪ್ಪು ಹೊರಿಸಿದರೆ, ನಾನು ಬಿಟ್ಟಾಗ ಸರಿಯಾಗಿಯೇ ಇತ್ತು ಎಂದು ತೋರಿಸಲು ತಾವು ತಿದ್ದಿದ ಹಾಳೆಗಳನ್ನು ಕಾಪಿಟ್ಟುಕೊಳ್ಳುತ್ತಾರೆ. ಕರಡಮ್ಮನ ಮನೆಯಲ್ಲಿ ಅಂಥ ಕಟ್ಟುಗಳು ಮಂಚದ ಕೆಳಗೆ ಗೋಡೆಯಿಂದ ಗೋಡೆಗೆ ತುಂಬಿದ್ದವು. ರದ್ದಿಗೆ ಹಾಕೋಣ ಎಂದು ಗಂಡ ಹೇಳದ ವರ್ಷವಿಲ್ಲ. ಅಂದು ಸಂಜೆ ಆತನೇ ಹೊಟ್ಟೆಯ ಮೇಲೆ ತೆವಳಿ, ಸೀನಿ, ಬೈದು, ಆ ಇಸವಿಯ ಕಟ್ಟನ್ನು ಎಳೆದು ತಂದ.

ಎರಡನೆಯ ಕರಡಿನಲ್ಲಿ ಸಾಲು ಇತ್ತು. "ನಾಲ್ಕು ಬಕೆಟ್ ನೀರು ಹೊಯ್ದು, ಗಟ್ಟಿ ಬ್ರಷ್‌ನಿಂದ ಉಜ್ಜಿ, ಬ್ಲೀಚಿನ ವಾಸನೆ ಪೂರ್ತಿ ಹೋಗುವಂತೆ ತೊಳೆಯಿರಿ, ಎರಡನ್ನೂ ಎಂದಿಗೂ ಸೇರಿಸಬೇಡಿ, ಮರುದಿನ" ಎಂದು ಮುಗಿದು ಆ್ಯಸಿಡ್‌ನ ಸಾಲಿಗೆ ಕೂಡಿಕೊಳ್ಳುತ್ತಿತ್ತು. ಅದರ ಮೇಲಿನ ಸಾಲಿನಲ್ಲಿ ಒಂದು ಅಕ್ಷರಕ್ಕೆ ಕರಡಮ್ಮನ ಕೆಂಪು ಗುರುತು. ಮೂರನೆಯ ಕರಡಿನಲ್ಲಿ ಆ ಅಕ್ಷರ ಸರಿಯಾಗಿತ್ತು, ಕೆಳಗಿನ ಸಾಲು ಇರಲಿಲ್ಲ. ಮೊಳೆ ಜೋಡಿಸುವವನು ಒಂದು ಅಕ್ಷರ ಬದಲಿಸಲು ಹೋಗಿ ಪಕ್ಕದ ಸಾಲನ್ನೇ ಎತ್ತಿಬಿಟ್ಟಿದ್ದ. ತಿದ್ದಿದ ಸಾಲಿನ ಜೊತೆ ಅದರ ಮೇಲಿನದನ್ನೂ ಕೆಳಗಿನದನ್ನೂ ಓದಬೇಕು ಎನ್ನುವುದು ಆ ಕಸುಬಿನ ಮೊದಲ ಪಾಠ. ಕರಡಮ್ಮ ಅಂದು ತಮ್ಮ ಕೆಂಪು ಗುರುತುಗಳನ್ನಷ್ಟೇ ನೋಡಿ, ಅಡಿಯಲ್ಲಿ "ಮುದ್ರಿಸಬಹುದು" ಎಂದು ಬರೆದು ಸಹಿ ಹಾಕಿದ್ದರು. ಕಾಪಾಡಲಿ ಎಂದು ಇಟ್ಟುಕೊಂಡ ಹಾಳೆ ಈಗ ಅವರ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು.

ಆ ಹೊತ್ತಿಗೆ ಯಾರ ಯಾರ ಮನೆಯ ಬಚ್ಚಲುಗಳು, ಯಾರ ಯಾರ ಎದೆಗಳು ಕಣ್ಣ ಮುಂದೆ ಬಂದವೋ, ಅವರು ಮಂಚದ ಅಂಚಿನಲ್ಲಿ ಕೂತು ಅತ್ತುಬಿಟ್ಟರು.

"ಬಿಡೇ. ಮೂವತ್ತು ವರ್ಷದ ಹಿಂದಿನ ಮಾತು. ಯಾರಿಗೆ ಗೊತ್ತಾಗುತ್ತೆ?" ಎಂದ ಗಂಡ.

"ನನಗೆ ಗೊತ್ತಾಯ್ತಲ್ಲ ರೀ," ಎಂದರು ಕರಡಮ್ಮ. ಸೆರಗಿನಿಂದ ಮುಖ ಒರೆಸಿಕೊಂಡು ಎರಡೂ ಹಾಳೆಗಳನ್ನು ಚೀಲಕ್ಕೆ ಹಾಕಿದರು. ಒಂದನೇ ತಾರೀಖಿನೊಳಗೆ ಆ ಸಾಲನ್ನು ಯಂತ್ರದ ತಲೆಯಿಂದ ತೆಗೆಸದೆ ತಾನು ಬಿಡುವುದಿಲ್ಲ ಎಂದು ಆಗಲೇ ತೀರ್ಮಾನಿಸಿ ಆಗಿತ್ತು.

ಶೇಕಡಾ ಸಾಹೇಬರು ಹಾಳೆಗಳನ್ನು ನೋಡಿ ಕನ್ನಡಕವನ್ನು ನೆತ್ತಿಯಿಂದ ಮೂಗಿಗಿಳಿಸಿದರು. ಅಷ್ಟು ಹೊತ್ತು ಅವರು ಏನನ್ನೂ ಓದಿದ್ದನ್ನು ಕಚೇರಿಯಲ್ಲಿ ಯಾರೂ ನೋಡಿರಲಿಲ್ಲ. "ನಲವತ್ತೊಂದನ್ನ ಒಂದು ಅಂತ ಎಣಿಸೋಕೆ ಹೇಳ್ತೀನಿ," ಎಂದರು. "ಆದ್ರೂ ಮೇಡಂ, ಒಂದಕ್ಕೆ ಎದುರು ಸೊನ್ನೆ. ಒಂದೇ ಗೆಲ್ಲೋದು. ತಿದ್ದುಪಡಿ ಎಲ್ಲಾದ್ರೂ ಬರವಣಿಗೆಯಲ್ಲಿ ಇರ್ಬೇಕು. ಬರೆದವರೇ ತಿದ್ದಿದ್ರೆ ಅದಕ್ಕೆ ತೂಕ ಜಾಸ್ತಿ. ಆಕೆ ಬದುಕಿದಾರಾ?"

ಬದುಕಿದ್ದರು. ಎಂಬತ್ತೆರಡು ವಯಸ್ಸು, ಊರಿನ ಇನ್ನೊಂದು ತುದಿಯಲ್ಲಿ, ಹೊಲಿಗೆ ಅಂಗಡಿಯ ಹಿಂದಿನ ಎರಡು ಕೋಣೆಯ ಮನೆ. ಬಾಗಿಲು ತೆಗೆದ ಟೀಚರಮ್ಮ ನೆಟ್ಟಗೆ ನಿಂತಿದ್ದರು. ಕರಡಮ್ಮ ದಾರಿಯುದ್ದಕ್ಕೂ ಪೀಠಿಕೆ ಕಟ್ಟಿಕೊಂಡು ಬಂದಿದ್ದರು. ಆ ಮುಖ ನೋಡಿದ ಮೇಲೆ ಪೀಠಿಕೆ ಬಾಯಿಗೆ ಬರಲಿಲ್ಲ. ಹಾಳೆಗಳನ್ನು ಮೇಜಿನ ಮೇಲಿಟ್ಟರು.

"ಇದು ನಿಮ್ಮ ಪುಸ್ತಕದ ಎರಡನೇ ಕರಡು. ಇಲ್ಲಿ ನಿಮ್ಮ ಸಾಲಿದೆ. ಇದು ಮೂರನೇದು. ಇಲ್ಲಿಲ್ಲ. ಕೆಳಗಿರೋ ಸಹಿ ನಂದು."

ಟೀಚರಮ್ಮ ಭೂತಗನ್ನಡಿ ಹಿಡಿದು ಬಹಳ ಹೊತ್ತು ಓದಿದರು.

"ಈ ಸಾಲು ನಾನು ಬರೆದಿದ್ನಾ?"

"ಬರೆದಿದ್ರಿ, ಮೇಡಂ."

"ನಾನು ಬರೆದಿದ್ದೆ," ಎಂದರು ಟೀಚರಮ್ಮ. ಈ ಸಲ ಅದು ಪ್ರಶ್ನೆಯಾಗಿರಲಿಲ್ಲ. ಭೂತಗನ್ನಡಿಯನ್ನು ಕೆಳಗಿಟ್ಟರು. "ಪುಸ್ತಕ ಕೈಗೆ ಬಂದ ದಿನವೇ ನೋಡಿದೆ. ಮುದ್ರಣಾಲಯಕ್ಕೆ ಓಡಿದೆ. ನನ್ನ ಹಸ್ತಪ್ರತಿ ತೋರ್ಸಿ ಅಂದೆ, ರದ್ದಿಗೆ ಹೋಯ್ತು ಅಂದ್ರು. ತಪ್ಪೊಪ್ಪಿನ ಚೀಟಿ ಅಚ್ಚು ಮಾಡಿ ಒಳಗಿಡ್ತೀವಿ ಅಂದ್ರು. ಇಡ್ಲಿಲ್ಲ. ನಾನೇ ಮರೆತೆ ಅಂದ್ಕೊಂಡೆ. ರಸಾಯನಶಾಸ್ತ್ರ ಪಾಠ ಮಾಡೋಳು ಇಂಥದ್ದನ್ನ ಮರೆತ್ರೆ ಇನ್ಯಾವ ಬಾಯಲ್ಲಿ ಜನಕ್ಕೆ ಉಪದೇಶ ಮಾಡ್ಲಿ? ಎರಡನೇ ಪುಸ್ತಕ ಅರ್ಧ ಆಗಿತ್ತು. ಕಟ್ಟಿಟ್ಟೆ."

"ಪ್ರೆಸ್ಸಿನ ಯಜಮಾನರು ನನಗೆ ಹೇಳ್ಲೇ ಇಲ್ಲ," ಎಂದರು ಕರಡಮ್ಮ.

"ಹೇಳಿದ್ರೆ ಅವತ್ತೇ ಬಂದು ಹೀಗೆ ಒಪ್ಕೊಳ್ತಿದ್ಯಾ?"

ಹೌದು ಎನ್ನುವುದು ಸುಲಭವಿತ್ತು. ಆಗ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ, ಅವರಿಗೆ ಆ ಕೆಲಸ ಬೇಕಾಗಿತ್ತು. "ಗೊತ್ತಿಲ್ಲ," ಎಂದರು ಕರಡಮ್ಮ.

ಟೀಚರಮ್ಮ ಎದ್ದು ಬಾಗಿಲ ಹತ್ತಿರ ಹೋದರು. "ಇವತ್ತು ಹೋಗು. ನಿನ್ನ ಮುಖ ನೋಡೋಕೆ ಇವತ್ತು ನನ್ನ ಕೈಲಾಗಲ್ಲ. ನಾಳೆ ಹತ್ತು ಗಂಟೆಗೆ ಬಾ. ಬರೋವಾಗ ಕಾಗದ ತಗೊಂಡು ಬಾ."

ಒಂಬತ್ತೂ ಮುಕ್ಕಾಲಿಗೇ ಕರಡಮ್ಮ ಹೊಲಿಗೆ ಅಂಗಡಿಯ ಮುಂದೆ ನಿಂತಿದ್ದರು. ಟೀಚರಮ್ಮ ಬರೆಸಿದರು, ಇವರು ಬರೆದರು. ಬಿಟ್ಟುಹೋದ ಸಾಲು ಯಾವುದು, ಎರಡನ್ನೂ ಸೇರಿಸಿದರೆ ಏನಾಗುತ್ತದೆ, ಸೇರಿಸಿ ಉಸಿರುಗಟ್ಟಿದರೆ ತಕ್ಷಣ ಏನು ಮಾಡಬೇಕು. ನೆಲ ಒರೆಸುವ ಹೆಂಗಸು ಹೇಳಿದ್ದನ್ನು ಅವಳನ್ನು ಕೇಳಿಯೇ ಅವಳ ಮಾತಿನಲ್ಲೇ ಸೇರಿಸಿದರು. ಕೊನೆಯ ಭಾಗವನ್ನು ಕರಡಮ್ಮ ತಾವೇ ಬರೆದು ಓದಿದರು: ಸಾಲು ಬಿಟ್ಟದ್ದು ಲೇಖಕಿಯಲ್ಲ, ಕರಡು ನೋಡಿ ಸಹಿ ಹಾಕಿದ ನಾನು, ಇದು ನನ್ನ ಅಕ್ಷಮ್ಯ ತಪ್ಪು.

"ಅಕ್ಷಮ್ಯ ತೆಗಿ," ಎಂದರು ಟೀಚರಮ್ಮ. "ಕ್ಷಮಿಸೋದು ಬಿಡೋದು ನನಗೆ ಸೇರಿದ್ದು. ತಪ್ಪು ಅಂದ್ರೆ ಸಾಕು."

ಕರಡಮ್ಮ ತೆಗೆದರು. ತೆಗೆದ ಮೇಲೆ ಆ ಸಾಲನ್ನೂ, ಮೇಲಿನದನ್ನೂ, ಕೆಳಗಿನದನ್ನೂ ಮೂರು ಸಲ ಗಟ್ಟಿಯಾಗಿ ಓದಿದರು. ಟೀಚರಮ್ಮ ಕಲಿಸಿದ್ದ ಶಾಲೆಯವರು ತಮ್ಮ ಜಾಲತಾಣದಲ್ಲಿ ಅದನ್ನು ಎರಡೂ ಕರಡುಗಳ ಚಿತ್ರದೊಂದಿಗೆ, ಇಬ್ಬರ ಹೆಸರಿನೊಂದಿಗೆ ಹಾಕಿದರು.

ಇನ್ನು ಏಳು ದಿನ ಉಳಿದಿತ್ತು. ಕರಡಮ್ಮ ಸುಮ್ಮನೆ ಕೂರುವ ಜಾತಿಯಲ್ಲ. ನಲವತ್ತೊಂದು ಪುಟದವರಿಗೂ ಪತ್ರ ಬರೆದರು, ಉತ್ತರ ಬಾರದವರಿಗೆ ಮತ್ತೆ ಬರೆದರು. ಪಟ್ಟಿ ಹಿಡಿದು ಪಕ್ಕದಲ್ಲಿ ಕೂತ ಗಂಡ ಒಬ್ಬೊಬ್ಬರು ತಿದ್ದಿದ ಹಾಗೆಲ್ಲ "ರೈಟ್, ಮುಂದೆ ಹೋಗಲಿ" ಎಂದು ಗೀಟು ಹಾಕುತ್ತಿದ್ದ. ಇಪ್ಪತ್ತಾರು ಜನ ತಿದ್ದಿದರು. ಸಾಬೂನಿನವರು ಕ್ಷಮೆ ಕೇಳಿದರು. ಒಬ್ಬಾತ ಮಾತ್ರ ಇದು ತನ್ನ ಅಜ್ಜಿಯ ಕಾಲದ ಸ್ವಂತ ವಿಧಾನ ಎಂದು ಜಗಳಕ್ಕೇ ಬಂದ. "ಹಾಗಾದ್ರೆ ಆ ಬ್ರಷ್ ಯಾವುದು ಅಂತ ನಿಮ್ಮ ಅಜ್ಜಿ ಹೇಳಿದ್ರಾ?" ಎಂದು ಕರಡಮ್ಮ ಒಂದೇ ಸಾಲು ಬರೆದರು. ಮರುದಿನ ಆ ಪುಟವೇ ಇರಲಿಲ್ಲ.

ಯಂತ್ರ ಹೊಸ ಪುಟಗಳನ್ನು ಓದುತ್ತ ಹೋಯಿತು. ತೊಂಬತ್ತೆಂಟು ಎಪ್ಪತ್ತಾಯಿತು. ಎರಡು ದಿನ ಎಪ್ಪತ್ತರಲ್ಲೇ ಕೂತು ಕರಡಮ್ಮನ ಪ್ರಾಣ ಹಿಂಡಿತು. ಆಮೇಲೆ ನಲವತ್ನಾಲ್ಕು, ಆಮೇಲೆ ಹನ್ನೊಂದು. ತಿಂಗಳ ಕೊನೆಯ ದಿನ ಮಧ್ಯಾಹ್ನ ಶೇಕಡಾ ಸಾಹೇಬರು ಎಲ್ಲರ ಮುಂದೆ ಆ ಪ್ರಶ್ನೆಯನ್ನು ಬೆರಳಚ್ಚಿಸಿದರು. ಬಚ್ಚಲಿನ ಕಲೆಗೆ ಬ್ಲೀಚಿನ ಮೇಲೆ ಆ್ಯಸಿಡ್ ಹಾಕಬಹುದೇ? ಯಂತ್ರ ಉತ್ತರ ಕೊಟ್ಟಿತು: ಎಂದಿಗೂ ಬೇಡ, ವಿಷದ ಗಾಳಿ ಏಳುತ್ತದೆ, ಎದೆಗೆ ಬೆಂಕಿ ಹಾಕಿದ ಹಾಗಾಗುತ್ತದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನೆಲ ಒರೆಸುವ ಹೆಂಗಸು, "ಅದು ನನ್ನ ಮಾತು," ಎಂದಳು. ಯಾರೂ ಅಲ್ಲಗಳೆಯಲಿಲ್ಲ.

ಕರಡಮ್ಮ ತಮ್ಮ ಜಾಗಕ್ಕೆ ಮರಳಿ ಆ ದಿನದ ಉಳಿದ ಸಾಲುಗಳನ್ನು ನೋಡತೊಡಗಿದರು. ಶಾಲೆಯ ಪುಟದಿಂದ ಯಂತ್ರ ಇನ್ನೂ ಎರಡು ಸಂಗತಿ ಕಲಿತಿತ್ತು. ಮೊದಲನೆಯದು, ಟೀಚರಮ್ಮನ ಹೆಸರು, ಅದರ ಮುಂದೆ: "ಬಿಟ್ಟುಹೋದ ಸಾಲು ಬರೆದವರು. ನಂಬಿಕೆ ತೊಂಬತ್ತಾರು." ಸರಿ ಎಂದು ಒತ್ತುವಾಗ ಕರಡಮ್ಮನಿಗೆ ಕಣ್ಣು ಮಂಜಾಯಿತು. ಎರಡನೆಯದು ಅವರದೇ ಹೆಸರು. ಮೂವತ್ತೊಂದು ವರ್ಷ ಸಾವಿರಾರು ಪುಸ್ತಕ ತಿದ್ದಿದ ಆ ಹೆಸರು ಯಾವ ಪುಸ್ತಕದಲ್ಲೂ ಅಚ್ಚಾಗಿರಲಿಲ್ಲ. ಯಂತ್ರಕ್ಕೆ ಅವರ ಬಗ್ಗೆ ಗೊತ್ತಿದ್ದದ್ದು ಇದೊಂದೇ: "ಆ ತಪ್ಪಿಗೆ ಕಾರಣರು. ನಂಬಿಕೆ ತೊಂಬತ್ತೇಳು."

ಹಿಂದೆ ಬಂದು ನಿಂತಿದ್ದ ಶೇಕಡಾ ಸಾಹೇಬರೂ ಅದನ್ನು ಓದಿದರು. ಮೆಲ್ಲಗೆ ಹೇಳಿದರು: "ಮೇಡಂ, ಇದೊಂದನ್ನ ಬೇಕಾದ್ರೆ ನಾನೇ ಅಳಿಸ್ತೀನಿ. ಯಾರೂ ಕೇಳಲ್ಲ."

"ಯಾಕೆ ಸಾರ್? ಪುಟದಲ್ಲಿ ಹಾಗೇ ಇದೆ. ನಿಜಾನೂ ಹೌದು," ಎಂದು ಕರಡಮ್ಮ ಸರಿ ಒತ್ತಿದರು.